ಕೊನೆಯ ಕ್ಯಾಸೆಟ್ಟಿನಿಂದ ಶುರು ಮಾಡಿದವನು

ಯಾರಾದರೂ ಮನೆಗೆ ಬಂದು, "ಏನಪ್ಪ ಅದು ನಿನ್ನ ಜಡೆಯವನ ಹಾಡು, ಒಂದಿಷ್ಟು ಹಾಕು, ಕೇಳಣ" ಎಂದರೆ ಅವನು ಕೂಡಲೇ ಹಾಕುತ್ತಿರಲಿಲ್ಲ. ಬಂದವರನ್ನು ಮೊದಲು ಕೂರಿಸುತ್ತಿದ್ದ. ನಿದ್ದೆ ಬರುತ್ತಾ, ಹೊಟ್ಟೆ ಹಸಿಯುತ್ತಾ, ಮನೆಯಲ್ಲಿ ಯಾರ ಹತ್ತಿರವಾದರೂ ಮಾತು ಬಿಟ್ಟಿದ್ದೀಯಾ ಎಂದು ಡಾಕ್ಟರ ಥರ ವಿಚಾರಿಸುತ್ತಿದ್ದ. ಆಮೇಲೆ ಗೋಡೆಯ ಮಾಡದಲ್ಲಿ ಜೋಡಿಸಿದ್ದ ಕ್ಯಾಸೆಟ್ಟುಗಳ ಮುಂದೆ ನಿಂತು, ಒಂದನ್ನು ತೆಗೆಯುವುದು, ಇಡುವುದು, ಇನ್ನೊಂದನ್ನು ತೆಗೆಯುವುದು. ಬಂದವರಿಗೆ ಸಾಕಾಗುತ್ತಿತ್ತು.

"ಯಾವ್ದೋ ಒಂದು ಹಾಕಪ್ಪ."

"ಯಾವ್ದೋ ಒಂದು ಅನ್ನಂಗಿಲ್ಲ. ಮೊದ್ಲು ಯಾವ್ದು ಕಿವಿಗೆ ಬೀಳುತ್ತೋ, ಆಮೇಲಿಂದೆಲ್ಲ ಅದ್ರ ಮೇಲೇ ನಿಂತ್ಕೊಳ್ಳೋದು."

ಕೆಲವರನ್ನು ಕಾಫಿ ಕುಡಿಸಿ, ಒಂದು ಹಾಡೂ ಕೇಳಿಸದೆ ವಾಪಸ್ಸು ಕಳಿಸಿದ್ದೂ ಉಂಟು. "ನಿಮಗೆ ಇನ್ನೂ ಹೊತ್ತಾಗಿಲ್ಲ, ಮುಂದಿನ ಬೆಳೆಗೆ ಬನ್ನಿ" ಎನ್ನುತ್ತಿದ್ದ.

ಮೇಲೂರಿನಲ್ಲಿ ಅವನ ಹುಳದ ಮನೆಗೂ ನಮ್ಮ ಹುಳದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಇಬ್ಬರದೂ ರೇಷ್ಮೆಯೇ. ನಾನು ವಯಸ್ಸಿನಲ್ಲಿ ದೊಡ್ಡವಳು, ನೆಂಟಸ್ತಿಕೆ ಏನೂ ಇಲ್ಲದಿದ್ದರೂ ಅಕ್ಕ ಎನ್ನುತ್ತಿದ್ದ. ಅದಕ್ಕೆ ಅವನು ಎಂದೇ ಬರೆಯುತ್ತೇನೆ. ಸತ್ತ ಮೇಲೆ ಹೊಸದಾಗಿ ಅವರು, ಇವರು ಎಂದರೆ ಅವನಿಗೇ ನಗು ಬರುತ್ತದೆ.

ಆ ಹಾಡುಗಾರ ಸಮುದ್ರದ ನಡುವೆ ಇರುವ ಜಮೈಕಾ ಎಂಬ ದ್ವೀಪದವನಂತೆ. ಅವನು ಹಾಡುವುದಕ್ಕೆ ರೆಗ್ಗೆ ಎನ್ನುತ್ತಾರೆ. ಪ್ರಪಂಚಕ್ಕೆಲ್ಲ ಹೆಸರಾದವನು, ಹೋಗಿ ಎಷ್ಟೋ ಕಾಲವಾಗಿದೆ. ಕ್ಯಾಸೆಟ್ಟಿನ ಮೇಲೆ ತಲೆ ತುಂಬ ಜಡೆ ಬಿಟ್ಟ ಮುಖ ನೋಡಿ, ಯಾರೋ ಅವಧೂತರು ಇರಬೇಕು ಎಂದು ನಮ್ಮ ಬೀದಿಯ ಹೆಂಗಸೊಬ್ಬಳು ಕೈ ಮುಗಿದಿದ್ದಳು. ಇವನು ತಡೆಯಲಿಲ್ಲ. "ಮುಗೀಲಿ ಬಿಡಕ್ಕ, ಕೈಗೇನು ನೋವಾ" ಎಂದ.

ಈ ಹುಚ್ಚು ಹತ್ತಿದ್ದು ಚಿಂತಾಮಣಿ ಸಂತೆಯಲ್ಲಿ. ಹೊಸದಾಗಿ ಮದುವೆಯಾಗಿದ್ದ ಕಾಲ. ಹುಳ ಹಣ್ಣಾಗುವ ಹೊತ್ತಿಗೆ ಚಂದ್ರಿಕೆ ಸಾಲದೆ ಬಂದಿತ್ತು. ಹಣ್ಣಾದ ಹುಳ ಮೇವು ಬಿಟ್ಟು, ಮೈಯೆಲ್ಲ ಬೆಳಕು ಹಾಯುವಷ್ಟು ತೆಳ್ಳಗಾಗಿ, ತಲೆ ಆಡಿಸುತ್ತ ಗೂಡು ಕಟ್ಟುವ ಜಾಗ ಹುಡುಕುತ್ತದೆ; ಆಗ ಅದನ್ನು ಬಿಡುವ ಬಿದಿರಿನ ತಟ್ಟೆಗೆ ಚಂದ್ರಿಕೆ ಎನ್ನುತ್ತೇವೆ. ಅದನ್ನು ತರಲು ಹೋದವನು, ಹಳೇ ಸಾಮಾನು ಹರಡಿಕೊಂಡಿದ್ದವನ ಹತ್ತಿರ ಕುವೈತಿನಿಂದ ಬಂದ ಯಾರದೋ ಟೇಪ್ ರೆಕಾರ್ಡರ್ ನೋಡಿದ. ಒಳಗೆ ಒಂದು ಕ್ಯಾಸೆಟ್ ಇತ್ತು. ಅಂಗಡಿಯವನು ಗುಂಡಿ ಒತ್ತಿ ತೋರಿಸಿದ. ಇವನು ಸಂತೆ ಮುಗಿಯುವವರೆಗೂ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದನಂತೆ. ಬಂದದ್ದು ಟೇಪು, ಚಂದ್ರಿಕೆ ಬರಲಿಲ್ಲ. ಅವನ ಹೆಂಡತಿ ಚಿಂತಾಮಣಿ ಕಡೆಯವಳು, ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. ನಮ್ಮ ಬಾಗಿಲಿಗೆ ಬಂದು ನಿಂತಳು.

"ಈ ಮನಿಷಿಕಿ ಪಿಚ್ಚಿ ಪಟ್ಟಿಂದಕ್ಕಾ, ಹುಚ್ಚೇ ಹಿಡಿದದೆ. ಹುಳ ಹಣ್ಣಾಗಿ ತಲೆ ಎತ್ಕೊಂಡು ಕೂತವೆ. ಅವನ್ನ ಈಗ ಆ ಪೆಟ್ಟಿಗೇಲಿ ಬಿಡ್ತಾರಂತಾ, ನೀನೇ ಕೇಳು."

ನಮ್ಮ ಚಂದ್ರಿಕೆಗಳನ್ನು ಕೊಟ್ಟೆ. ಆದರೂ ತಡವಾಗಿತ್ತು. ಅವಳು ಪಾಪ, ಏನು ಮಾಡಬೇಕೆಂದು ತಿಳಿಯದೆ ಹಣ್ಣಾದ ಹುಳಕ್ಕೆ ಇನ್ನೊಂದು ಸಲ ಸೊಪ್ಪು ಹಾಕಿಬಿಟ್ಟಿದ್ದಳು. ಹೊಸಬರು ಮಾಡುವ ತಪ್ಪೇ ಅದು. ಹುಳ ತಿನ್ನದಿದ್ದರೆ ಮತ್ತೆ ಮತ್ತೆ ಹಾಕುತ್ತಾರೆ. ಅದು ತಿನ್ನುವುದಿಲ್ಲ, ಜಾಗ ಸಿಗದೆ ಸೊಪ್ಪಿನ ಮೇಲೆಯೇ ನೂಲು ಬಿಟ್ಟು ಹಾಳಾಗುತ್ತದೆ. ಆ ಬೆಳೆ ಅರ್ಧ ಹಾಗೇ ಹೋಯಿತು. ಇವನು ಹೆಂಡತಿಯನ್ನು ಒಂದು ಮಾತೂ ಅನ್ನಲಿಲ್ಲ. ಅನ್ನುವ ಮುಖವೂ ಅವನಿಗಿರಲಿಲ್ಲ.

ಅಂದು ತಂದ ಕ್ಯಾಸೆಟ್ಟು ಆ ಹಾಡುಗಾರ ಸಾಯುವ ಮುಂಚೆ ಮಾಡಿದ ಕೊನೆಯದು. ಅದು ಇವನಿಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಿಸುವ ಭಾಯಿಯೊಬ್ಬರಿದ್ದರು, ಹರಾಜಿನಲ್ಲಿ ನಮ್ಮ ಗೂಡು ಹೆಚ್ಚಾಗಿ ಅವರೇ ಕೂಗಿ ಕೊಳ್ಳುತ್ತಿದ್ದರು. ಅವರ ಅಳಿಯ ದುಬೈಯಲ್ಲಿದ್ದ. ಇವನು ಆ ಅಳಿಯನನ್ನು ಪೀಡಿಸಿ ಒಂದೊಂದಾಗಿ ಉಳಿದವನ್ನೆಲ್ಲ ತರಿಸಿಕೊಂಡ. ಯಾವುದು ಮೊದಲು ಬಂದದ್ದು, ಯಾವುದು ಆಮೇಲಿನದು ಎಂದು ಗೊತ್ತಾದದ್ದು ಆಗ.

"ನಾನು ತಪ್ಪು ಕಡೆಯಿಂದ ಶುರು ಮಾಡ್ದೆ ಅಕ್ಕ" ಎಂದ ಒಂದು ದಿನ. "ಸಾಯೋನ ಹಾಡು ಮೊದ್ಲು ಕೇಳ್ಬಿಟ್ಟೆ. ಈಗ ಅವನು ನಕ್ಕೊಂಡು ಕುಣ್ಕೊಂಡು ಹಾಡಿದ್ದು ಕೇಳಿದ್ರೂ, ಅಯ್ಯೋ ಇವನಿಗೆ ಗೊತ್ತಿಲ್ವಲ್ಲ ಅನ್ಸುತ್ತೆ."

ಬೇರೆ ಯಾರಿಗೂ ಹಾಗಾಗಬಾರದು ಎಂಬ ಹಟ ಶುರುವಾದದ್ದು ಅಲ್ಲಿಂದ. ಮೊಟ್ಟೆಯಿಂದ ಈಗಷ್ಟೇ ಬಂದ ಚಾಕಿ ಹುಳಕ್ಕೆ ತುದಿಯ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತೇವೆ. ಬಲಿತ ಎಲೆ ಹಾಕಿದರೆ ಅದರ ಬಾಯಿಗೆ ಹಿಡಿಯುವುದಿಲ್ಲ. ಕ್ಯಾಸೆಟ್ಟಿನಲ್ಲೂ ಅವನದು ಅದೇ ಲೆಕ್ಕ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಅವನ ಹೆಂಡತಿಗೂ ಬರುತ್ತಿರಲಿಲ್ಲ. ನಾವು ಗುರುತು ಹಿಡಿಯಲಿ ಎಂದು ಹೆಂಡತಿಯ ಸ್ಟಿಕ್ಕರ್ ಬಿಂದಿ ಕಿತ್ತು ಒಂದೊಂದಕ್ಕೂ ಅಂಟಿಸಿದ್ದ. ಹಸಿರು ಬಿಂದಿಯದು ಎಳೆ ಸೊಪ್ಪು, ಹಗುರ ಹಾಡುಗಳು. ನೀಲಿಯದು ಕುಣಿತ. ಕೆಂಪಿನದು ಜಗಳದ ಹಾಡು. ಕೊನೆಯದಕ್ಕೆ ಬಿಂದಿಯೇ ಇರಲಿಲ್ಲ. "ಅದು ಯಾರಿಗೂ ಮೊದ್ಲಲ್ಲ" ಎನ್ನುತ್ತಿದ್ದ.

ನನಗೆ ಹಸಿರು ಹಾಕಿದ. ಕೇಳಬೇಕೆಂದು ನಾನೇನೂ ಹೋಗಿರಲಿಲ್ಲ. ಚಾಕಿ ಹುಳಕ್ಕೆ ಸೊಪ್ಪು ಹೆಚ್ಚುತ್ತ ಕೂತಿದ್ದೆ, ಗೋಡೆಯಾಚೆಯಿಂದ ಬಂತು. ತಾಳ ಬೀಳಬೇಕಾದ ಕಡೆ ಬೀಳದು. ನನ್ನ ಕತ್ತಿ ಮಣೆಗೆ ತಾಗಿದಾಗ ಹಾಡು ಸುಮ್ಮನಿರುತ್ತದೆ, ಕತ್ತಿ ಮೇಲೆತ್ತಿದಾಗ ಆ ಜಡೆಯವನು ಹೊಡೆಯುತ್ತಾನೆ. ಸ್ವಲ್ಪ ಹೊತ್ತಿಗೆ ಕೈ ತಾನೇ ಹೊಂದಿಕೊಂಡಿತು. ಸೊಪ್ಪು ಬೇಗ ಮುಗಿಯಿತು. ಅವನು ಗೋಡೆಯ ಮೇಲಿಂದ ಇಣುಕಿ, "ಹೆಂಗಿದೆ ಅಕ್ಕ" ಎಂದ.

"ಎಲ್ಲಾ ಒಂದೇ ಥರ ಅದೆ ಕಣಪ್ಪ."

"ನಿನ್ ಸೊಸೆಗೆ ಹುಳ ಎಲ್ಲಾ ಒಂದೇ ಥರ ಕಾಣ್ತವೆ. ಆಗ ನೀನು ಏನಂತೀಯ?"

ನಾನು ಏನೆನ್ನುತ್ತೇನೆ ಎನ್ನುವುದು ಬೀದಿಗೆಲ್ಲ ಗೊತ್ತಿತ್ತು.

ಭಾಯಿಗೆ ಕೆಂಪು ಬಿಂದಿಯದು ಹಾಕಿದ. ಆಗ ಅವರಿಗೂ ಅವರ ಅಣ್ಣನಿಗೂ ನೂಲಿನ ಶೆಡ್ಡು ಪಾಲಾಗುವ ತಗಾದೆ ನಡೆದಿತ್ತು. ಪೂರ್ತಿ ಕೇಳಿ, "ಏನ್ ಹೇಳ್ತಾನೆ ಇವನು" ಎಂದರು ಭಾಯಿ.

"ನನ್ ಪಾಲು ನನಗೆ ಕೊಡು ಅಂತಾನೆ."

"ಅದು ನಾನೂ ನಮ್ಮಣ್ಣಂಗೆ ದಿನಾ ಹೇಳ್ತಾ ಇದೀನಿ ಭಾಯ್. ಹಾಡಿ ಹೇಳಿರಲಿಲ್ಲ, ಅಷ್ಟೇ."

ಅವನು ಒಳ್ಳೆಯವನು ಎಂದು ಹೇಳಲು ಇದನ್ನೆಲ್ಲ ಬರೆಯುತ್ತಿಲ್ಲ. ಮೊಂಡ. ಯಾರ ಮದುವೆಗೆ ಹೋದರೂ ವಾಲಗ ಜೋರಾಯಿತು ಎಂದು ಊಟಕ್ಕೆ ಮೊದಲೇ ಎದ್ದು ಬರುತ್ತಿದ್ದ, ಹೆಂಡತಿ ಮುಖ ಸಣ್ಣ ಮಾಡಿಕೊಂಡು ಹಿಂದೆ ಬರುತ್ತಿದ್ದಳು. ಮಗಳು ಪರೀಕ್ಷೆಗೆ ಓದುವಾಗ ಹುಳದ ಮನೆಯಲ್ಲಿ ಟೇಪು ಹಾಡುತ್ತಲೇ ಇರುತ್ತಿತ್ತು. ಆ ಹುಡುಗಿ ಕಿವಿಗೆ ಹತ್ತಿ ಇಟ್ಟುಕೊಂಡು ನಮ್ಮ ಜಗಲಿಯಲ್ಲಿ ಕೂತು ಓದಿದಳು. ಓದಿ ಗೌರಿಬಿದನೂರಿನಲ್ಲಿ ಹೈಸ್ಕೂಲಿನ ಲೆಕ್ಕದ ಟೀಚರಾದಳು. ಊರಿಗೆಲ್ಲ ಆರಿಸಿ ಕೊಟ್ಟವನು ಅವಳಿಗೆ ಮಾತ್ರ ಒಂದೂ ಆರಿಸಿ ಕೊಡಲಿಲ್ಲ. ನಾನು ಬೈದೆ.

"ಮಗಳಿಗೆ ಒಂದು ತೆಗೆದು ಕೊಡೋಕೆ ಏನೋ ರೋಗ ನಿನಗೆ?"

"ಅವಳಿಗೆ ಯಾವ್ದು ಅಂತ ಗೊತ್ತಾಗಲ್ಲ ಅಕ್ಕ. ಹತ್ತಿರದೋರ ಮುಖ ಕಾಣಿಸಲ್ಲ."

"ಅವಳನ್ನೇ ಕೇಳು."

"ಅವಳು ಕೇಳ್ಲಿ, ಆಗ ನೋಡಣ."

ಅವಳು ಕೇಳಲಿಲ್ಲ. ಇಬ್ಬರೂ ಒಂದೇ ಅಚ್ಚು.

ಹೆಂಡತಿ ಸತ್ತಾಗ ಟೇಪು ನಿಂತಿತು. ಗೋಡೆಯಾಚೆ ಹುಳ ಸೊಪ್ಪು ತಿನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ನಾನೇ ಬೈಯುತ್ತಿದ್ದ ಹಾಡು ಇಲ್ಲದೆ ನನಗೆ ಕೆಲಸ ಸಾಗದಾಯಿತು. ಹೋಗಿ, "ಏನಾದ್ರೂ ಹಾಕ್ಕೊಳ್ಳೋ, ಮನಸ್ಸಿಗೆ ಒಂದಿಷ್ಟು ಆಗುತ್ತೆ" ಎಂದೆ. ಅವನು ಕ್ಯಾಸೆಟ್ಟಿನ ಮಾಡಕ್ಕೆ ಟವೆಲ್ಲು ಎಳೆದು ಮುಚ್ಚಿದ್ದ.

"ಜ್ವರಕ್ಕೆ ಕೂತಿದೀನಿ ಅಕ್ಕ. ಸೊಪ್ಪು ಬೇಡ."

ಹುಳ ಬೆಳೆಯುವಾಗ ನಡುನಡುವೆ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲುಗದೆ ಕೂರುತ್ತದೆ. ಹಳೆಯ ಚರ್ಮ ಕಳಚುವ ಸಮಯ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಸೊಪ್ಪು ಹಾಕಬಾರದು, ಮುಟ್ಟಲೂಬಾರದು, ಸುಮ್ಮನೆ ಬಂದು ನೋಡಿ ಹೋಗಬೇಕು. ನಾನು ಹಾಗೇ ಮಾಡಿದೆ. ಒಂದು ಬೆಳೆ ಪೂರ್ತಿ ಕಳೆಯಿತು. ಆಮೇಲೆ ಒಂದು ಬೆಳಿಗ್ಗೆ ಗೋಡೆಯಾಚೆ ನೀಲಿ ಬಿಂದಿಯ ಹಾಡು, ಅವನ ಹೆಂಡತಿಗೆ ಇಷ್ಟವಾಗಿದ್ದದ್ದು. ಎದ್ದ ಎಂದುಕೊಂಡೆ.

ಈ ವರ್ಷ ಬಿದ್ದ. ಸೊಪ್ಪಿನ ಹೊರೆ ಹೊತ್ತುಕೊಂಡು ತೋಟದ ಬದುವಿನ ಮೇಲೆ ಕುಸಿದು ಕೂತನಂತೆ. ಮಾತು ಹೋಯಿತು, ಬಲಗೈ ಹೋಯಿತು. ಮಗಳು ರಜೆ ಹಾಕಿ ಬಂದಳು. ಮೊದಮೊದಲು ಗಂಜಿ ಕುಡಿಯುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ. ಚಿಕ್ಕಬಳ್ಳಾಪುರದ ಡಾಕ್ಟರು ನೋಡಿ, ಗಂಟಲಲ್ಲಿ ತೊಂದರೆ ಏನೂ ಇಲ್ಲ, ಅವರೇ ಬಾಯಿ ತೆಗೆಯುತ್ತಿಲ್ಲ ಎಂದರು. ಇಷ್ಟವಾದ ಹಾಡು ಗೀಡು ಹಾಕಿ ನೋಡಿ, ಸೋಮವಾರದೊಳಗೆ ತಿನ್ನದಿದ್ದರೆ ಕರೆದುಕೊಂಡು ಬನ್ನಿ, ಮೂಗಿನಿಂದ ನಳಿಕೆ ಹಾಕೋಣ ಎಂದರು.

ಶನಿವಾರ ಬೆಳಿಗ್ಗೆ ಮಗಳು ನಮ್ಮ ಮನೆಗೆ ಬಂದಳು. ಅವನು ನನ್ನನ್ನು ಅಕ್ಕ ಎಂದದ್ದಕ್ಕೆ ಅವಳಿಗೆ ನಾನು ಅತ್ತೆ. ಕೈಯಲ್ಲಿ ಫೋನು, ಕಣ್ಣು ಕೆಂಪಗೆ.

"ಅತ್ತೆ, ಟೇಪು ಕೆಟ್ಟಿದೆ. ಫೋನಲ್ಲಿ ಆ ಜಡೆಯವನದು ಎಲ್ಲಾ ಇದೆ. ಇಷ್ಟು ಆಲ್ಬಂ ಇದಾವೆ. ಎಲ್ಲಿಂದ ಶುರು ಮಾಡ್ಲಿ ಅಂತಾನೇ ಗೊತ್ತಾಗ್ತಿಲ್ಲ. ನೀವಲ್ವಾ ಎಲ್ಲಾ ಕೇಳಿರೋದು, ಹೇಳಿ."

"ಗೋಡೆ ಇತ್ತು, ಕೇಳ್ದೆ ಕಣಮ್ಮ. ಆರಿಸೋದು ಅವನ ಕೆಲ್ಸ."

"ಅವರು ಆರಿಸೋ ಹಂಗಿದ್ರೆ ನಿಮ್ ಹತ್ರ ಯಾಕೆ ಬರ್ತಿದ್ದೆ?"

ಹೋದೆ. ಮಂಚವನ್ನು ಹುಳದ ಮನೆಗೇ ತಂದು ಕಿಟಕಿ ಪಕ್ಕ ಎಳೆದಿದ್ದರು. ಅವನ ಕಣ್ಣು ತೆರೆದಿತ್ತು, ನೋಟ ಇರಲಿಲ್ಲ. ಮಾಡದಿಂದ ಹಸಿರು ಬಿಂದಿಯದು ತೆಗೆದು ಕೊಟ್ಟೆ. ಅವಳು ಹೆಸರು ಓದಿ ಫೋನಿನಲ್ಲಿ ಹುಡುಕಿ ಹಾಕಿದಳು. ಎಳೆ ಸೊಪ್ಪಿನಿಂದಲೇ ಶುರುವಾಗಲಿ ಎಂದುಕೊಂಡೆ. ಹಾಡು ಬಂತು. ಅವಳು ಒಂದು ಚಮಚ ಗಂಜಿ ತುಟಿಗೆ ಹಿಡಿದಳು. ತುಟಿ ತೆರೆಯಲಿಲ್ಲ. ಗಂಜಿ ಗಲ್ಲದಿಂದ ಇಳಿದು ಕೊರಳಿಗೆ ಹೋಯಿತು. ಒರೆಸಿ ಮತ್ತೆ ಹಿಡಿದಳು. ಹಾಡು ಮುಗಿದು ಇನ್ನೊಂದು ಬಂತು, ಅದೂ ಮುಗಿಯಿತು.

"ಇದಲ್ಲ. ಬೇರೆ ಹೇಳಿ."

ನೀಲಿ ಕೊಟ್ಟೆ. ಹೆಂಡತಿಯ ನೆನಪಿಗಾದರೂ ಅಲುಗುತ್ತಾನೆ ಎಂದುಕೊಂಡಿದ್ದೆ. ಇಲ್ಲ. ಕೆಂಪು ಕೊಟ್ಟೆ, ಹಟಕ್ಕಾದರೂ ಬಾಯಿ ಬಿಡಲಿ ಎಂದು. ಇಲ್ಲ. ಮಧ್ಯಾಹ್ನ ಕಳೆದು ಸಂಜೆಯಾಯಿತು. ಅವಳು ಒಂದರ ಅರ್ಧಕ್ಕೆ ನಿಲ್ಲಿಸಿ ಇನ್ನೊಂದು, ಅದರ ಅರ್ಧಕ್ಕೆ ಮತ್ತೊಂದು ಹಾಕತೊಡಗಿದಳು. ಮನೆ ತುಂಬ ಹರಿದ ಹಾಡು. ನಾನೂ ಬುದ್ಧಿ ಕಳಕೊಂಡು ಅವನ ದವಡೆ ಹಿಡಿದು ಅದುಮಿದೆ. ಹಲ್ಲು ಕಚ್ಚಿಕೊಂಡಿದ್ದ. ಅಷ್ಟು ಬಲ ಎಲ್ಲಿತ್ತೋ.

"ಬಾಯಿ ತೆಗಿಯೋ ಮೊಂಡ" ಎಂದೆ. "ನಾಳಿದ್ದು ಮೂಗಿಗೆ ಕೊಳವೆ ತುರುಕ್ತಾರೆ. ಅದು ಬೇಕಾ ನಿನಗೆ?"

ಮಗಳು ಬಟ್ಟಲು ಕೆಳಗಿಟ್ಟು ಅವನ ಕಿವಿಯ ಹತ್ತಿರ ಕೂಗಿದಳು. "ಊರಿಗೆಲ್ಲ ಹಾಡು ಕೊಟ್ರಲ್ಲ ಅಪ್ಪ. ನನಗೋಸ್ಕರ ಒಂದು ಚಮಚ ಗಂಜಿ ಕುಡಿಯೋಕಾಗಲ್ವಾ?"

ಅವನು ಗೋಡೆ ನೋಡುತ್ತಿದ್ದ.

ಭಾನುವಾರವೂ ಅದೇ. ಅಷ್ಟರಲ್ಲಿ ಕಾರಿಗೆ ಹೇಳಿಯಾಗಿತ್ತು. ಆಸ್ಪತ್ರೆಗೆ ಬೇಕಾದ ಬಟ್ಟೆ ಚೀಲದಲ್ಲಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮಂಚಕ್ಕೆ ಬಿದ್ದಿತ್ತು. ಅವಳು ಮಾಡದಲ್ಲಿ ಕೈಯಾಡಿಸಿ ಬಿಂದಿ ಇಲ್ಲದ ಕ್ಯಾಸೆಟ್ಟು ತೆಗೆದಳು.

"ಇದು ಹಾಕೇ ಇಲ್ಲ."

"ಅದು ಬೇಡ. ಅದು ಯಾರಿಗೂ ಮೊದ್ಲಲ್ಲ ಅಂತಿದ್ದ."

"ಯಾಕೆ?"

"ಸಾಯೋ ಮುಂಚೆ ಹಾಡಿದ್ದು. ನಿಮ್ಮಪ್ಪ ಅದ್ರಿಂದ ಶುರು ಮಾಡಿ ಕೆಟ್ಟ."

ಹಾಗೆಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ನಾನು ಆರಿಸಿದ್ದೆಲ್ಲ ಅವನು ಬೇರೆಯವರಿಗೆ ಕೊಟ್ಟ ಮೇವು. ನನ್ನದು, ಹೆಂಡತಿಯದು, ಭಾಯಿಯದು. ಅವನದು ಇದೊಂದೇ. "ಹಾಕು" ಎಂದೆ. ಅವಳು ಹಾಕಿದಳು.

ಇದರಲ್ಲಿ ಸದ್ದು ಕಡಿಮೆ. ಒಬ್ಬನೇ ಕೂತು ಹಾಡಿದ ಹಾಗಿರುತ್ತದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವನ ಎಡಗೈ ಹೊದಿಕೆಯ ಮೇಲೆ ಅಲುಗಿತು. ಬೆರಳು ಮೇಲೇಳುತ್ತಿತ್ತು, ಬೀಳುತ್ತಿತ್ತು. ತಾಳ ಇದ್ದದ್ದು ಬೆರಳು ಎತ್ತುವಲ್ಲಿ. ಸೊಪ್ಪು ಹೆಚ್ಚುವಾಗ ನನ್ನ ಕತ್ತಿಗೆ ಆದ ಹಾಗೆ.

"ಅತ್ತೆ, ನೋಡಿ, ನೋಡಿ" ಎಂದು ಅವಳು ಬಟ್ಟಲಿಗೆ ಓಡಿದಳು. ಅವಸರಕ್ಕೆ ಗಂಜಿ ನೆಲಕ್ಕೆ ಚೆಲ್ಲಿತು. ಅವನು ದಿಂಬಿನಿಂದ ತಲೆಯನ್ನು ಒಂದಿಷ್ಟು ಎತ್ತಿದ. ಈ ಕಡೆಗೆ ಆಡಿಸಿದ, ಆ ಕಡೆಗೆ ಆಡಿಸಿದ, ಜಾಗ ಹುಡುಕುವ ಹಾಗೆ. ಬಿಸಿಲು ಕಿವಿಯ ಹಿಂದಿನಿಂದ ಬಿದ್ದು ಕಿವಿ, ಕೆನ್ನೆ, ಕೊರಳು ಎಲ್ಲ ತೆಳ್ಳಗೆ, ಒಳಗೆ ಬೆಳಕು ಇದ್ದ ಹಾಗೆ ಕಂಡಿತು. ಚಮಚ ತುಟಿಗೆ ಬಂತು. ಅವನು ಅವಳ ಮುಖ ನೋಡಿದ. ನಿಜವಾಗಿ ನೋಡಿದ, ಆ ನೋಟ ನನಗೆ ಗೊತ್ತು. ಮೊದಲು ಯಾವುದು ಹಾಕಲಿ ಎಂದು ಬಂದವರನ್ನು ನೋಡುತ್ತಿದ್ದ ನೋಟ. ಆಮೇಲೆ ಬಾಯಿ ಬಿಗಿದು ಮುಖವನ್ನು ಚಮಚದಿಂದ ಆಚೆ, ಹಾಡಿನ ಕಡೆ ತಿರುಗಿಸಿಕೊಂಡ.

ಅವಳು ಮಂಚ ಸುತ್ತಿ ಆ ಕಡೆಗೆ ಹೋಗಿ ಮತ್ತೆ ಚಮಚ ಹಿಡಿದಳು. ನಾನು ಅವಳ ಮುಂಗೈ ಹಿಡಿದೆ.

"ಸಾಕು ಬಿಡಮ್ಮ."

"ಎದ್ರಲ್ಲ ಅತ್ತೆ, ಜ್ವರದಿಂದ ಎದ್ರಲ್ಲ, ಈಗ ತಿಂತಾರೆ."

"ಜ್ವರ ಅಲ್ಲ ಕಣಮ್ಮ ಇದು. ನೀನೂ ಹುಳದ ಮನೇಲೇ ಬೆಳೆದೋಳು. ಕಣ್ಣು ಬಿಟ್ಟು ನೋಡು."

ಅವಳು ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ತಾಯಿ ಅಂದು ಹಣ್ಣಾದ ಹುಳದ ಮುಂದೆ ಸೊಪ್ಪು ಹಿಡಿದು ನಿಂತಿದ್ದು ಹೀಗೇ. ಕೊನೆಗೆ ಬಟ್ಟಲನ್ನು ಕಿಟಕಿಯ ಮೇಲಿಟ್ಟು, ಮಂಚದ ಪಕ್ಕ ನೆಲದ ಮೇಲೆ ಕೂತು ಅವನ ಅಂಗೈ ಅಡಿಗೆ ತನ್ನ ಅಂಗೈ ಇಟ್ಟಳು. ಬೆರಳು ಅದರ ಮೇಲೆ ತಾಳ ಹಾಕುತ್ತಿತ್ತು. ಹಾಡು ಮುಗಿದಾಗ ಮತ್ತೆ ಮೊದಲಿನಿಂದ ಹಾಕಿದಳು.

ಸೋಮವಾರ ಬಂದ ಕಾರನ್ನು ನಾನೇ ವಾಪಸ್ಸು ಕಳಿಸಿದೆ. ಅವಳು ಡಾಕ್ಟರಿಗೆ ಫೋನು ಮಾಡಿ ಮಾತಾಡಿದಳು. ಆಮೇಲೆ ತುಟಿಗೆ ನೀರು ಸವರುವುದು ಬಿಟ್ಟು ನಾವು ಏನನ್ನೂ ಒತ್ತಾಯ ಮಾಡಲಿಲ್ಲ. ಆ ವಾರ ದಾಟಲಿಲ್ಲ. ಭಾಯಿ ಮಣ್ಣಿಗೆ ಬಂದಿದ್ದರು. "ಯಾವ ಹಾಡಿತ್ತು ಕೊನೆಗೆ" ಎಂದು ನನ್ನನ್ನು ಕೇಳಿದರು. "ಮೊದಲಿಂದೇ" ಎಂದೆ.

ತಿಥಿಯೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಬೆಳಿಗ್ಗೆ ಗೋಡೆಯಾಚೆ ಅಲುಗಾಟ ಕೇಳಿ ಹೋದೆ. ಖಾಲಿ ಹುಳದ ಮನೆಯಲ್ಲಿ ಅವಳು ಮಾಡದ ಮುಂದೆ ಚಾಪೆ ಹಾಕಿಕೊಂಡು ಕೂತಿದ್ದಳು. ತಲೆ ಬಾಚಿರಲಿಲ್ಲ. ಪಕ್ಕದಲ್ಲಿದ್ದ ಕಾಫಿಗೆ ಕೆನೆ ಕಟ್ಟಿತ್ತು. ಕ್ಯಾಸೆಟ್ಟುಗಳನ್ನೆಲ್ಲ ಮಡಿಲಿಗೆ ಸುರಿದುಕೊಂಡು ಅಮ್ಮನ ಬಿಂದಿಗಳ ಮೇಲೆ ಬೆರಳಾಡಿಸುತ್ತಿದ್ದಳು.

"ಅತ್ತೆ, ನಾನು ಯಾವುದ್ರಿಂದ ಶುರು ಮಾಡ್ಲಿ?"

ಅವನು ಇದ್ದಾಗ ಕೇಳಿದ್ದರೆ ಆಗುತ್ತಿತ್ತು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನನ್ನ ಕೈ ಹಸಿರು ಬಿಂದಿಯ ಕಡೆ ಹೋಯಿತು. ಅವಳ ಮುಖ ನೋಡಿ ಕೈ ಹಿಂದೆ ತೆಗೆದುಕೊಂಡೆ. ಕ್ಯಾಸೆಟ್ಟುಗಳನ್ನು ಅವಳ ಮಡಿಲಿಂದ ಎತ್ತಿ ಮಾಡಕ್ಕೆ ಸೇರಿಸಿ, ಗೂಟದ ಮೇಲಿದ್ದ ಅವನ ಟವೆಲ್ಲು ಎಳೆದು ಮುಚ್ಚಿದೆ.

"ಈಗ ಯಾವ್ದೂ ಬೇಡ. ಜ್ವರಕ್ಕೆ ಕೂತಿದೀಯ."

"ಏಳೋದು ಯಾವಾಗ?"

"ಮೇವು ಹುಡುಕೋವಾಗ ಗೊತ್ತಾಗುತ್ತೆ. ಆಗ ಬಾ, ಸೊಪ್ಪು ನಾನು ಹೆಚ್ಚಿ ಕೊಡ್ತೀನಿ."

"ಏಳದೇ ಹೋದ್ರೆ ಅತ್ತೆ?"

ಕೆಲವು ಹುಳ ಏಳುವುದಿಲ್ಲ. ಅದು ಅವಳಿಗೂ ಗೊತ್ತು, ಸುಳ್ಳು ಹೇಳಿ ಪ್ರಯೋಜನವಿಲ್ಲ.

"ಬೆಳಿಗ್ಗೆ ಸಾಯಂಕಾಲ ಬಂದು ನೋಡ್ತಾ ಇರ್ತೀನಿ" ಎಂದೆ. ಆರಿದ ಕಾಫಿ ಲೋಟ ಎತ್ತಿಕೊಂಡು ಬಾಗಿಲು ಮುಂದೆ ಮಾಡಿ ಬಂದೆ.